ಕಂಬಳಿಯ ಮೇಲೆ ಕೊಟ್ಟ ಮಾತು

ಸನಮಡಿಯ ಶಿದ್ರಾಯನಿಗೆ ಹಾಡಲು ನಿಲ್ಲುವ ಮುಂಚೆ ಪ್ರತಿ ಸಲವೂ ಹೊಟ್ಟೆ ಕೆಡುತ್ತಿತ್ತು. ಮೇಳದವರು ಡೊಳ್ಳಿನ ಚರ್ಮವನ್ನು ಬಿಸಿಲಿಗೆ ಕಾಯಿಸುತ್ತ, ಎಲೆ ಅಡಿಕೆ ಹಾಕಿಕೊಂಡು ಹಾಯಾಗಿ ಕೂತಿರುವಾಗ ಇವನು ತಂಬಿಗೆ ಹಿಡಿದು ಬೇಲಿಯ ಮರೆಗೆ ಹೋಗುವನು, ಬರುವನು, ಬಂದು ಕೂರುವಷ್ಟರಲ್ಲಿ ಮತ್ತೆ ಏಳುವನು. "ಕವಿಗಳ ಸವಾರಿ ಹೊಂಟತು" ಎಂದು ತಾಳದವರು ನಗುತ್ತಿದ್ದರು. ಮರಾಠಿ ಸೀಮೆಗೆ ಸೇರಿದ ಜತ್ತ ತಾಲೂಕಿನಲ್ಲೆಲ್ಲ ಹೆಸರಾದ ಡೊಳ್ಳಿನ ಪದದ ಕವಿ ಇವನೇ ಎಂದು ಆಗ ಯಾರಾದರೂ ತೋರಿಸಿದ್ದರೆ ಹೊಸಬರು ನಂಬುತ್ತಿರಲಿಲ್ಲ. ಆದರೆ ಕಂಬಳಿಯ ಮೇಲೆ ಕಾಲಿಟ್ಟು, ಎಡಗೈಯನ್ನು ಕಿವಿಗೆ ಹಚ್ಚಿ ಮೊದಲ ಸೊಲ್ಲು ಎತ್ತಿದನೆಂದರೆ ಅಂಜಿಕೆ ಅವನನ್ನು ಬಿಡುತ್ತಿತ್ತು. ಬಿಟ್ಟು ದೂರವೇನೂ ಹೋಗುತ್ತಿರಲಿಲ್ಲ. ಹಾಡು ಮುಗಿಯುವ ತನಕ ಚಪ್ಪಲಿಗಳ ಹತ್ತಿರ ಕಾಯುತ್ತ ಕೂತಿರುತ್ತಿತ್ತು, ಅಷ್ಟೆ.

ಕವಿ ಎಂದರೆ ಬರೆಯುವವನಲ್ಲ. ಶಿದ್ರಾಯ ನಾಲ್ಕನೆಯ ಇಯತ್ತೆಯ ತನಕ ಮರಾಠಿ ಸಾಲಿ ಕಲಿತವನು. ಬರೆಯಲು ಬರುತ್ತಿದ್ದುದು ಮರಾಠಿ, ಹಾಡಲು ಬರುತ್ತಿದ್ದುದು ಕನ್ನಡ. ಹಾಗಾಗಿ ಕಟ್ಟಿದ ಪದವೆಲ್ಲ ತಲೆಯಲ್ಲೇ ಇರಬೇಕು. ಒಂದು ತುಂಡು ಮಡ್ಡಿ ಹೊಲ, ಒಂದಿಷ್ಟು ಕುರಿ, ಇಷ್ಟು ಅವನ ಆಸ್ತಿ. ಕುರಿಗಳ ಹಿಂದೆ ನಡೆಯುತ್ತ ಪದ ಕಟ್ಟುವನು; ಮಗುವಿಗೆ ಹೆಸರಿಡುವುದೋ, ಹೊಸ ಮನೆಯೋ, ಬೀರದೇವರ ಪೂಜೆಯೋ ಇದ್ದು ಯಾರಾದರೂ ವೀಳ್ಯ ಕೊಟ್ಟು ಕರೆದರೆ ಹೋಗಿ ಹಾಡುವನು.

ಡೊಳ್ಳಿನ ಪದಕ್ಕೆ ಎರಡು ಮೇಳ ಎದುರುಬದುರು ನಿಲ್ಲಬೇಕು. ಒಂದು ಹರದೇಶಿ, ಗಂಡು ಹೆಚ್ಚು, ಶಿವ ಹೆಚ್ಚು ಎಂದು ವಾದಿಸುವ ಕಡೆ. ಇನ್ನೊಂದು ನಾಗೇಶಿ; ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಎನ್ನುವ ಕಡೆ. ಇವರ ಕಾಲ ಕೆಳಗೆ ಕರಿ ಕಂಬಳಿ, ಅದರ ನಡುವೆ ಭಂಡಾರದ ಗುಪ್ಪೆ, ಎಂದರೆ ದೇವರ ಅರಿಶಿನ. ಈ ಕಡೆಯವರು ಸವಾಲು ಹಾಕಿದರೆ ಆ ಕಡೆಯವರು ನಿಂತ ನಿಲುವಿನಲ್ಲಿ ಪದ ಕಟ್ಟಿ ಜವಾಬು ಹೇಳಬೇಕು. ಹೇಳಲಾರದ ಮೇಳ ತನ್ನ ಡೊಳ್ಳಿನ ಗೊಂಡೆ ಬಿಚ್ಚಿ ಗೆದ್ದವರ ಕೈಗೆ ಕೊಡಬೇಕು, ಅವರು ಕೇಳಿದ್ದನ್ನು ಒಲ್ಲೆ ಎನ್ನಬಾರದು. ಇನ್ನು ಭಂಡಾರ ಕೈಯಲ್ಲಿ ಹಿಡಿದು ಹಾಡಿದ ಮಾತಂತೂ ಮುಗಿದೇ ಹೋಯಿತು. ಅದನ್ನು ಬಾಯಿಮಾತಿನಿಂದ ವಾಪಸು ತೆಗೆದುಕೊಳ್ಳುವ ಹಾಗಿಲ್ಲ.

ಶಿದ್ರಾಯ ಹರದೇಶಿ. ಮನೆಗೆ ಹೋದರೆ ಮಾತ್ರ ನಾಗೇಶಿ ಎಂದು ಊರವರ ಕುಚೋದ್ಯ. ಅವನ ಹೆಂಡತಿ ಹಾಲವ್ವ ಗಂಡನ ಹಾಡು ಕೇಳಲು ಒಂದು ದಿನವೂ ಬಂದವಳಲ್ಲ. ಜೋಳದ ಚೀಲ ಎಲ್ಲಿದೆ, ಯಾವ ಕುರಿ ಗಬ್ಬ ಇದೆ ಎಂಬುದನ್ನು ಅವಳನ್ನು ಕೇಳಿಯೇ ತಿಳಿದುಕೊಳ್ಳಬೇಕಾದ ಮನುಷ್ಯ ಹೊರಗೆ ನಿಂತು "ಗಂಡು ಹೆಚ್ಚು" ಎಂದು ಎದೆ ತಟ್ಟಿಕೊಳ್ಳುವುದನ್ನು ಅವಳು ಯಾಕೆ ನೋಡಲು ಹೋಗಬೇಕು?

ಅವನ ಎದುರು ಮೇಳದ ಕವಿ ಉಮದಿಯ ಲಗಮಣ್ಣ. ಕಂಬಳಿಯ ಮೇಲೆ ನಿಂತರೆ ಒಬ್ಬರನ್ನೊಬ್ಬರು ಹರಿದು ತಿನ್ನುವಂತೆ ಹಾಡಿ, ಕೆಳಗೆ ಇಳಿದ ಕೂಡಲೇ ಒಂದೇ ಗಂಗಾಳದಲ್ಲಿ ಉಣ್ಣುವವರು. ಹುಡುಗರಾಗಿದ್ದಾಗ ಇಬ್ಬರೂ ಕುರಿ ಹೊಡೆದುಕೊಂಡು ಹೊಳೆಯ ದಂಡೆಗೆ ಹೋಗಿ, ಒಂದೇ ಕಂಬಳಿ ಹೊದ್ದು, ರೇವಪ್ಪಜ್ಜ ಎಂಬ ಮುದುಕನ ಬಾಯಿಂದ ಪದ ಕಲಿತವರು. ಆದ್ದರಿಂದ ಅಜ್ಜ ಹೇಳಿಕೊಟ್ಟ ಸವಾಲುಗಳನ್ನು ಒಬ್ಬರ ಮೇಲೊಬ್ಬರು ಹಾಕುತ್ತಿರಲಿಲ್ಲ. ಉತ್ತರ ಇಬ್ಬರಿಗೂ ಗೊತ್ತಿರುವಾಗ ಹಾಕಿ ಏನು ಪ್ರಯೋಜನ?

ಸಾವಿರದ ಒಂಬೈನೂರಾ ಅರವತ್ನಾಲ್ಕರ ಮಹಾನವಮಿಯ ಮರುದಿನ ಸಂಖದ ಬೀರದೇವರ ಗುಡಿಯಂಗಳದಲ್ಲಿ ಇಬ್ಬರೂ ನಿಂತಿದ್ದರು. ಹೊತ್ತು ಇಳಿಯುತ್ತ ಬಂದಿತ್ತು, ಜನ ಕಟ್ಟೆಯ ಮೇಲೆ, ಮಾಳಿಗೆಯ ಮೇಲೆ, ಜಾಲಿಯ ನೆರಳಲ್ಲಿ ಕಿಕ್ಕಿರಿದಿದ್ದರು. ಶಿದ್ರಾಯ ಗಂಡಿನ ಹೆಚ್ಚಳವನ್ನು ಏರಿಸಿ ಏರಿಸಿ ಹಾಡಿದ. ಆಗ ಲಗಮಣ್ಣ ಕಣ್ಣು ಮಿಟುಕಿಸಿ, ಮೆಲ್ಲಗೆ ಎತ್ತಿಕೊಂಡ:

ಗಂಡ ಹೆಚ್ಚ ಅಂತಿ ಗೆಣೆಯಾ, ಕೀಲಿ ಯಾರ ಕೈಯಾಗ?
ಹೆಂಡ್ತಿನ ಕೇಳದ ಕೊಡತಿಯೇನೊ ಮಗಳನ ನನ್ನ ಮನಿಯಾಗ?
ಕೊಟ್ಟರ ಭಂಡಾರ ಹಿಡದ ಹೇಳೊ, ಇಲ್ಲಾ ಬಳಿ ಇಡು ಕೈಯಾಗ!

ಜನ ಹೋ ಎಂದರು. ಡೊಳ್ಳು ಒಂದು ಸುತ್ತು ಬಂತು. ಮನೆಗೆ ಹೋಗಿ ಹೆಂಡತಿಯನ್ನು ಕೇಳಿ ಹೇಳುತ್ತೇನೆ ಎಂದರೆ ಹರದೇಶಿ ಅಲ್ಲಿಗೇ ಸೋತಂತೆ. ಶಿದ್ರಾಯ ಯೋಚಿಸಲಿಲ್ಲ. ಯೋಚಿಸುವ ಕೆಲಸವನ್ನು ಅವನ ನಾಲಿಗೆಯೇ ಮಾಡಿ ರೂಢಿಯಾಗಿತ್ತು. ಬಗ್ಗಿ ಒಂದು ಹಿಡಿ ಭಂಡಾರ ಎತ್ತಿದ:

ಕೇಳೂದ್ಯಾಕ, ಹೇಳೂದ್ಯಾಕ, ಯಜಮಾನ ನಾ ನನ್ನ ಮನಿಗ,
ಕೊಟ್ಟೇನಿ ಮಗಳು ಇಂದುಬಾಯಿನ ಲಗಮಣ್ಣ ನಿನ್ನ ಮಗನಿಗ!

ಅಂಗಳವೆಲ್ಲ ಹಳದಿಯಾಯಿತು. ಭಂಡಾರ ಎರಚಿದವರೆಷ್ಟು, ರುಮಾಲು ಹಾರಿಸಿದವರೆಷ್ಟು! ಇಂಥ ಜವಾಬು ಯಾರೂ ಕೇಳಿರಲಿಲ್ಲ. ಲಗಮಣ್ಣನೇ ಬಂದು ಅಪ್ಪಿಕೊಂಡ. "ಬೀಗಾ, ಇನ್ನ ಮ್ಯಾಲ ನನ್ನ ಕಾಲಿಗೆ ನೀರು ನೀನ ಹಾಕಬೇಕ ನೋಡು" ಎಂದು ಎಲ್ಲರಿಗೂ ಕೇಳುವಂತೆ ನಕ್ಕ. ಬೀಗರು ಬಂದರೆ ಹೆಣ್ಣಿನ ತಂದೆ ತಾನೇ ತಂಬಿಗೆ ಹಿಡಿದು ಅವರ ಕಾಲಿಗೆ ನೀರು ಹಾಕುವುದು ಅಲ್ಲಿಯ ಪದ್ಧತಿ.

ಶಿದ್ರಾಯನೂ ನಕ್ಕ. ನಗುತ್ತಲೇ ಕಂಬಳಿಯಿಂದ ಇಳಿದ. ಚಪ್ಪಲಿ ಮೆಟ್ಟುವಷ್ಟರಲ್ಲಿ ಸಂಖದ ಧಾನ್ಯದ ಅಂಗಡಿಯ ಸೋಮನಿಂಗಪ್ಪ, ಪ್ರತಿ ಹಾಡಿಕೆಗೂ ಪಂಚನಾಗಿ ಕೂರುವ ಹಿರಿಯ, ಅವನನ್ನು ಕರೆದ. "ಶಿದ್ರಾಯಾ, ಪದಾ ಭಾಳ ಚಲೋ ಆತು. ಮತ್ತ ಲಗ್ನ ಯಾವಾಗ ಹಿಡೀತಿ?" ಅವನು ಚೇಷ್ಟೆ ಮಾಡುತ್ತಿರಲಿಲ್ಲ. ಚಪ್ಪಲಿಗಳ ಹತ್ತಿರ ಕಾಯುತ್ತಿದ್ದ ಅಂಜಿಕೆ ಆಗ ಶಿದ್ರಾಯನನ್ನು ಹಿಡಿದುಕೊಂಡಿತು.

ಸುದ್ದಿ ಅವನಿಗಿಂತ ಮೊದಲೇ ಸನಮಡಿ ಮುಟ್ಟಿತ್ತು. ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಹಾಲವ್ವ ಹೊಸ್ತಿಲ ಒಳಗೆ ಕೂತಿದ್ದಳು.

"ಯಜಮಾನ್ರು ಬಂದ್ರಿ? ಬರ್ರಿ, ಕುಂದ್ರಿ. ಮನ್ಯಾಗ ಇನ್ನ ಏನೇನ ಉಳದಾವ ನೋಡ್ರಿ, ಅವನ್ನೂ ಹಾಡಿ ಕೊಟ್ಟ ಬಿಡ್ರಿ."

"ಚ್ಯಾಷ್ಟಿಗೆ ಹಾಡಿದ್ನಿ" ಎಂದ ಶಿದ್ರಾಯ.

"ಚನ್ನವ್ವನ್ನ ಕೊಟ್ಟಾಗ ಚ್ಯಾಷ್ಟಿ ಇತ್ತೇನ್ರಿ? ಕುರಿ ಹಿಂದ ಕಳಿಸಿದ್ರಿ. ಹೊಳ್ಳಿ ಬಂದದ್ದೇನು? ಆಕಿ ಕಂಬಳಿ ಒಂದ ಬಂತು."

ಚನ್ನವ್ವ ಅವರ ಹಿರಿಯ ಮಗಳು. ಅವಳನ್ನು ಕೊಟ್ಟಿದ್ದು ದೀಪಾವಳಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ಕೃಷ್ಣೆಯ ಕಡೆಗೆ ಹೊರಟುಬಿಡುವ ಮನೆಗೆ. ಎರಡನೆಯ ವರ್ಷ ತುಂಬಿದ ಬಸುರಿಯಾಗಿ ಹಿಂಡಿನ ಹಿಂದೆ ನಡೆದವಳಿಗೆ ಯಾವ ಊರೂ ಹತ್ತಿರವಿಲ್ಲದ ಒಂದು ಹೊಲದ ಬದುವಿನಲ್ಲಿ ಬೇನೆ ಬಂತು. ತಾಯಿಯೂ ಉಳಿಯಲಿಲ್ಲ, ಕೂಸೂ ಉಳಿಯಲಿಲ್ಲ. ಅಂದು ಹಾಲವ್ವ, ಚಿಕ್ಕವಳು ಇಂದುಬಾಯಿಯನ್ನು ತಿರುಗುವ ಮನೆಗೆ ಕೊಡುವುದಿಲ್ಲ ಎಂದು ಆಣೆ ಮಾಡಿದ್ದಳು. ಲಗಮಣ್ಣನದೂ ತಿರುಗುವ ಮನೆಯೇ. ಹಾಡುವಾಗ ಶಿದ್ರಾಯನಿಗೆ ಇದು ನೆನಪಾಗಲೇ ಇಲ್ಲ. ಕಂಡದ್ದಕ್ಕೆಲ್ಲ ಪದ ಕಟ್ಟುತ್ತಿದ್ದ ಆ ಮನುಷ್ಯ ಚನ್ನವ್ವನ ಬಗ್ಗೆ ಮಾತ್ರ ಅಂದಿನಿಂದ ಇಂದಿನ ತನಕ ಒಂದು ಮಾತೂ ಆಡಿರಲಿಲ್ಲ, ಹೆಂಡತಿಯ ಎದುರು ಕೂಡ.

ಇಂದುಬಾಯಿ ಬೈಯಲಿಲ್ಲ, ಅಳಲಿಲ್ಲ. ಮರುದಿನ ಹಿಟ್ಟು ನಾದುತ್ತ ಒಂದೇ ಒಂದು ಮಾತು ಕೇಳಿದಳು. "ಅಪ್ಪಾ, ಅವರು ಎಷ್ಟ ತಿಂಗಳ ಹೊರಗ ಇರತಾರ?" ಶಿದ್ರಾಯ ಕುರಿ ಬಿಟ್ಟುಕೊಂಡು ಹೋದ. ಅವಳು ಹಣೆಬರಹವನ್ನು ಒಪ್ಪಿಕೊಂಡವರ ಹಾಗೆ ಕೇಳಿದ್ದಳು, ಅದೇ ಅವನಿಗೆ ಸಂಕಟವಾಯಿತು.

ಅದೇ ವಾರ ಉಮದಿಗೆ ಹೋದ. ಲಗಮಣ್ಣ ಹೊಸ ಕಂಬಳಿ ಹಾಸಿ ಕೂರಿಸಿದ. ಶಿದ್ರಾಯ ಬಂದ ಕೆಲಸ ಹೇಳಿದಾಗ ಅವನ ಮುಖ ಸಣ್ಣದಾಯಿತು.

"ನಾ ಕೇಳಿದ್ದು ಚ್ಯಾಷ್ಟಿಗೆ, ಖರೇ. ನೀ ಕೊಟ್ಟದ್ದು ಭಂಡಾರ ಹಿಡದು. ನಮ್ಮ ಮನ್ಯಾಕಿ ಬಳಗಕ್ಕೆಲ್ಲಾ ಹೇಳಿ ಬಿಟ್ಟಾಳ. ನನ್ನ ಮಗನಾಗ ಏನರ ಕಡಿಮಿ ಐತೇನು?"

"ಕಡಿಮಿ ಏನಿಲ್ಲ. ಚನ್ನವ್ವಂದು..." ಎಂದ ಶಿದ್ರಾಯ.

"ಅದು ಆಕಿ ಹಣೇಬರ, ಶಿದ್ರಾಯಾ. ನಮ್ಮ ಹೆಣಮಕ್ಕಳೆಲ್ಲಾ ಕುರಿ ಹಿಂದ ನಡದವರ. ನಮ್ಮವ್ವ ನನ್ನ ಹಡದದ್ದು ಹಾದಿ ಮ್ಯಾಲ. ಒಂದ ಸಲ ಆತಂತ ಎಲ್ಲಾರೂ ಅಂಜಿ ಮನ್ಯಾಗ ಕುಂತ್ರ ಕುರಿ ಯಾರ ಕಾಯಬೇಕು?"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಹಾಲವ್ವನ ಮಾತಿನಲ್ಲೂ ತಪ್ಪಿರಲಿಲ್ಲ. ಇಬ್ಬರೂ ಸೋಮನಿಂಗಪ್ಪನ ಅಂಗಡಿಗೆ ಹೋದರು. ಸಾವಕಾರ ಎಲ್ಲ ಕೇಳಿ, ತಕ್ಕಡಿ ಕೆಳಗಿಟ್ಟು, ತೀರ್ಪು ಹೇಳಿದ: "ಕಂಬಳಿ ಮ್ಯಾಲ ಕಟ್ಟಿದ್ದನ್ನ ಕಂಬಳಿ ಮ್ಯಾಲ ಬಿಚ್ಚಬೇಕು. ಬರೂ ಮಾನಮಿಗೆ ಅದ ಅಂಗಳದಾಗ ಶಿದ್ರಾಯ ಒಂದ ಸವಾಲ ಹಾಕ್ಲಿ. ಲಗಮಣ್ಣಗ ಜವಾಬ ಬರಲಿಲ್ಲಂದ್ರ ಮಾತು ಶಿದ್ರಾಯಗ ಹೊಳ್ಳಿ ಹೋತು. ಬಂತಂದ್ರ ಮುಂದಿನ ಅಮಾಸಿ ಒಳಗ ಲಗ್ನದ ಅಕ್ಕಿಕಾಳು."

ಆ ವರ್ಷ ಶಿದ್ರಾಯ ಹೇಗೆ ಕಳೆದನೋ! ಲಗಮಣ್ಣನಿಗೆ ಗೊತ್ತಿಲ್ಲದ ಸವಾಲು ಎಲ್ಲಿಂದ ತರುವುದು? ಕೊನೆಗೆ ವಿಜಾಪುರದ ಕಡೆಯಿಂದ ಭಿಕ್ಷೆಗೆ ಬಂದ ಒಬ್ಬ ಮುದಿ ಜಂಗಮನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು, ನಂದಿಯ ಕೊಂಬಿನ ಬಗ್ಗೆ ಈ ಸೀಮೆಯಲ್ಲಿ ಯಾರೂ ಕೇಳದ ಒಂದು ಕತೆ ಹೇಳಿಸಿಕೊಂಡ. ಅದರಿಂದ ಸವಾಲು ಕಟ್ಟಿದ. ಕುರಿ ಮೇಯಿಸುತ್ತ ಕುರಿಗಳಿಗೇ ಅದನ್ನು ಹಾಡಿದ, ನೀರು ಸೇದುತ್ತ ಗೊಣಗಿದ, ಉಣ್ಣುತ್ತ ಕೂತಾಗ ತುಟಿ ಅಲ್ಲಾಡಿಸಿದ. ಸಾಲು ತಪ್ಪಿದರೆ ಮಗಳು ಹೋದಳು ಎಂಬ ಭಯಕ್ಕೆ ಮೊದಲಿನಿಂದ ಮತ್ತೆ ಶುರುಮಾಡುವನು. ಹಾಲವ್ವ ಬಡಿಸಿ ಒಳಗೆ ಹೋಗುತ್ತಿದ್ದಳು. ಇಂದುಬಾಯಿ ಮಾತ್ರ ಯಾರೂ ಹೇಳದಿದ್ದರೂ, ಹಾದಿಗೆ ಬೇಕಾದೀತೆಂದು, ಒಂದು ಕಂಬಳಿಯ ತೂತುಗಳಿಗೆ ತೇಪೆ ಹಾಕುತ್ತ ಕೂರುತ್ತಿದ್ದಳು. ಅದನ್ನು ಕಂಡಾಗೆಲ್ಲ ಶಿದ್ರಾಯ ತಂಬಿಗೆ ಹುಡುಕುತ್ತಿದ್ದ.

ಮಹಾನವಮಿ ಬಂತು. ಮರುದಿನ ಸಂಖದ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಶಿದ್ರಾಯನ ಹೊಟ್ಟೆ ಅಂದು ಕೆಡಲೇ ಇಲ್ಲ. ಮೇಳದವರು ಅದು ಶುಭ ಎಂದರು. ಅವನಿಗೆ ಅದೇ ಹೆದರಿಕೆಯಾಯಿತು. ಅಂಜಿಕೆ ಈ ಸಲ ಚಪ್ಪಲಿಯ ಹತ್ತಿರ ಉಳಿಯದೆ ಜೊತೆಗೇ ಕಂಬಳಿ ಹತ್ತಿ ಬಂದಿತ್ತು.

ಭಂಡಾರ ಹಿಡಿದ, ಕಿವಿಗೆ ಕೈ ಹಚ್ಚಿದ, ತಲೆ ಎತ್ತಿದ. ಎದುರಿಗೆ ಹೆಂಗಸರು ಕೂತ ಕಡೆ, ಮೊದಲ ಸಾಲಿನಲ್ಲಿ, ಹಾಲವ್ವ ಕೂತಿದ್ದಳು. ಒಂದು ಹಾಡಿಗೂ ಬಾರದವಳು! ಪಕ್ಕದಲ್ಲಿ ತಲೆ ತಗ್ಗಿಸಿದ ಇಂದುಬಾಯಿ. ಹಾಲವ್ವನ ತೊಡೆಯ ಮೇಲೆ ಮಡಿಚಿಟ್ಟ ಚನ್ನವ್ವನ ಕಂಬಳಿ.

ನಂದಿಯೂ ಹೋಯಿತು, ನಂದಿಯ ಕೊಂಬೂ ಹೋಯಿತು. ವರ್ಷವೆಲ್ಲ ಗೊಣಗಿದ ಸಾಲುಗಳಲ್ಲಿ ಒಂದು ಅಕ್ಷರವೂ ಅವನ ತಲೆಯಲ್ಲಿ ಉಳಿಯಲಿಲ್ಲ. ಡೊಳ್ಳು ಒಂದು ಸುತ್ತು ಬಂತು, ಎರಡನೆಯದು ಬಂತು. ಹಿಮ್ಮೇಳದವರು ಬೆನ್ನಿಗೆ ತಿವಿದರು. ಅವನ ಬಾಯಿಂದ ಆಗ ತಾನಾಗಿಯೇ ಒಂದು ಪದ ಹೊರಟಿತು:

ದೇವರು ಹಿಂಡ ಬಿಟ್ಟಾನ ಬೈಲಿಗೆ, ಮುಂದ ಹುಲ್ಲ, ಮುಂದ ನೀರ,
ಒಂದ ಕುರಿ ಹೆಜ್ಜಿ ಕಿತ್ತಲಿಲ್ಲ, ನಿಂತೈತಿ ಹೊಳ್ಳಿ ನೋಡೂತ,
ಯಾಕ ನಿಂತಿತ ಹೇಳೊ ಗೆಣೆಯಾ, ಜವಾಬ ಕೊಡೊ ಸಭಾದಾಗ.

ಕೊನೆಯ ಸಾಲು ಬಾಯಿ ದಾಟುವಾಗ ತಾನು ಏನು ಹಾಡಿದೆ ಎಂಬುದು ಅವನಿಗೆ ತಿಳಿಯಿತು. ಅದು ರೇವಪ್ಪಜ್ಜನ ಸವಾಲು. ಹೊಳೆಯ ದಂಡೆಯಲ್ಲಿ ಒಂದೇ ಕಂಬಳಿಯೊಳಗೆ ಮಲಗಿ ಇಬ್ಬರೂ ಕಲಿತದ್ದು. ಉತ್ತರ ಲಗಮಣ್ಣನಿಗೆ ತನ್ನ ಹೆಸರಿನಷ್ಟು ಗೊತ್ತು: ಹಾದಿಯಲ್ಲಿ ಅದರ ಮರಿ ಸತ್ತು ಬಿದ್ದಿತ್ತು, ಮರಿಯನ್ನು ತಿಂದ ಹಾದಿಯಲ್ಲಿ ತಾಯಿ ಮುಂದೆ ಹೆಜ್ಜೆ ಇಡಲಿಲ್ಲ. ಮಗಳನ್ನು ಎರಡನೆಯ ಸಲ ಕೊಟ್ಟುಬಿಟ್ಟೆನಲ್ಲ ಎಂದು ಶಿದ್ರಾಯ ಕಣ್ಣು ಮುಚ್ಚಿದ. ನೆಲ ಬಾಯಿ ಬಿಟ್ಟಿದ್ದರೆ ಇಳಿದು ಹೋಗುತ್ತಿದ್ದ.

ಕಣ್ಣು ತೆರೆದಾಗ ಲಗಮಣ್ಣ ನಗುತ್ತಿದ್ದ. ಗೆದ್ದವನ ನಗು. ಅವನು ಬಗ್ಗಿ ಭಂಡಾರ ಎತ್ತಿದ, ಕಿವಿಗೆ ಕೈ ಹಚ್ಚಿದ, ನಾಗೇಶಿಯವರ ಪದ್ಧತಿಯಂತೆ ಜವಾಬು ಹೇಳಲು ಹೆಂಗಸರ ಕಡೆ ತಿರುಗಿದ. ಬಾಯಿ ತೆರೆದ.

ಅಲ್ಲಿ ಹಾಲವ್ವ ಅವನನ್ನೇ ನೋಡುತ್ತಿದ್ದಳು. ಅವಳಿಗೆ ಸವಾಲೂ ಗೊತ್ತಿಲ್ಲ, ಜವಾಬೂ ಗೊತ್ತಿಲ್ಲ. ತೊಡೆಯ ಮೇಲಿನ ಕಂಬಳಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು.

ಲಗಮಣ್ಣನ ಬಾಯಿ ತೆರೆದೇ ಇತ್ತು. ಡೊಳ್ಳು ಒಂದು ಸುತ್ತು ಬಂತು. ಅವನ ಹಿಮ್ಮೇಳದವರು ಮುಂದೆ ಬಾಗಿದರು. ಇನ್ನೊಂದು ಸುತ್ತು ಬಂತು. ಅವನ ಕೈ ಕಿವಿಯಿಂದ ಜಾರಿ ಕೆಳಗಿಳಿಯಿತು.

"ಬರವಲ್ದು" ಎಂದ.

"ಇನ್ನೊಮ್ಮೆ ಇಚಾರ ಮಾಡು ಲಗಮಣ್ಣಾ" ಎಂದ ಸೋಮನಿಂಗಪ್ಪ. "ನಿನ್ನ ಮೇಳದ ಗೊಂಡೆ ಇವತ್ತಿನ ತನಕಾ ಯಾರೂ ಬಿಚ್ಚಿಲ್ಲ."

"ಬರೂದಿಲ್ರಿ ಸಾವಕಾರ್ರ. ನಮ್ಮಜ್ಜ ನನಗ ಇದನ್ನ ಹೇಳಿಲ್ಲ." ತಾನೇ ಹೋಗಿ ಡೊಳ್ಳಿನ ಕೆಂಪು ಗೊಂಡೆ ಬಿಚ್ಚಿ ತಂದು ಶಿದ್ರಾಯನ ಅಂಗೈಯಲ್ಲಿಟ್ಟ. ಅವನ ಮೇಳದವನೊಬ್ಬ ನೆಲಕ್ಕೆ ಉಗುಳಿ ಎದ್ದು ಹೋದ.

ಶಿದ್ರಾಯ ಮಾತನ್ನು ವಾಪಸು ಕೇಳಿದ, ಲಗಮಣ್ಣ ಕೊಟ್ಟ. ಆದರೆ ಸವಾಲು ಹಾಕಿದವನೇ ಜವಾಬು ಹೇಳಿ ತೋರಿಸದ ಹೊರತು ಗೆಲುವು ಗೆಲುವಲ್ಲ. ಶಿದ್ರಾಯ ಹೆಂಡತಿಯ ಎದುರಿಗೆ ನಿಂತು, ಮರಿ ಸತ್ತ ತಾಯಿಕುರಿಯ ಜವಾಬು ಹಾಡಬೇಕಾಯಿತು. ನಡುವೆ ದನಿ ಒಡೆದಾಗ ಹಿಮ್ಮೇಳದವರು ಹಾಡಿದ ಸಾಲನ್ನೇ ತಿರುಗಿ ಎತ್ತಿಕೊಂಡರು, ಕೊನೆಯ ಸಾಲನ್ನು ಅವನೇ ಮುಗಿಸಿದ. ಹಾಲವ್ವ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು. ಚನ್ನವ್ವ ಸತ್ತ ಮೇಲೆ ಆ ಮಗಳ ಬಗ್ಗೆ ಗಂಡನ ಬಾಯಿಂದ ಹಾಲವ್ವ ಕೇಳಿದ ಮೊದಲ ಮಾತು ಅದು.

ಜನ ಕರಗಿದ ಮೇಲೆ ಶಿದ್ರಾಯ ಗುಡಿಯ ಹಿಂದೆ ಓಡಿದ. ಲಗಮಣ್ಣ ಬಂಡಿಗೆ ಡೊಳ್ಳು ಏರಿಸುತ್ತಿದ್ದ.

"ಲಗಮಣ್ಣಾ, ರೇವಪ್ಪಜ್ಜ ನಮ್ಮಿಬ್ಬರಿಗೂ..."

ಲಗಮಣ್ಣ ಅವನ ಬಾಯಿಯ ಮೇಲೆ ಅಂಗೈ ಇಟ್ಟ. "ಹಣಿ ಮ್ಯಾಲ ಇನ್ನೂ ಭಂಡಾರ ಐತಿ, ಸುಮ್ನಿರು. ನೀ ಆಡಿದಿ ಅಂದ್ರ ಹಾಡಿಕಿ ಸುಳ್ಳ ಆಗತೈತಿ, ಹುಡುಗಿ ಮತ್ತ ನನ್ನ ಮನಿಗೆ ಬರಬೇಕಾಗತೈತಿ." ಎತ್ತಿನ ಹಗ್ಗ ಎಳೆದು ಹೋಗಿಬಿಟ್ಟ.

ಅಲ್ಲಿಂದ ಶುರುವಾಯಿತು ಶಿದ್ರಾಯನ ಬೇರೆ ನಮೂನೆಯ ಕಾಟ. ಹೋದಲ್ಲೆಲ್ಲ ಜನ ಅದೇ ಸವಾಲು ಹಾಡು ಎಂದು ಕೂಗುವರು. ಉಮದಿಯ ಮೇಳ ಕೆಡವಿದ ಕವಿ ಎಂದು ಕರೆಗಳು ಹೆಚ್ಚಿದವು. ಗೊಂಡೆ ಕಳೆದುಕೊಂಡ ಮೇಳಕ್ಕೆ ಯಾರು ವೀಳ್ಯ ಕೊಡುತ್ತಾರೆ? ಲಗಮಣ್ಣನ ಹುಡುಗರು ಒಬ್ಬೊಬ್ಬರೇ ಬಿಟ್ಟು ಹೋದರು. "ಎದುರಿಗೆ ಲಗಮಣ್ಣ ಇದ್ರ ಬರತೇನಿ" ಎಂದು ಶಿದ್ರಾಯ ಹಟ ಹಿಡಿದರೆ, "ಸೋತವರ ಯಾಕ್ರಿ?" ಎಂದು ಕೇಳುವರು. ಒಬ್ಬೊಬ್ಬರು ಒಪ್ಪಿದರು, ಬಹಳ ಜನ ಒಪ್ಪಲಿಲ್ಲ. ಕೆಂಪು ಗೊಂಡೆಯನ್ನು ಅವನು ತನ್ನ ಡೊಳ್ಳಿಗೆ ಕಟ್ಟಲಿಲ್ಲ. ಹಾಲವ್ವನಿಗೆ ಮಾತ್ರ ನಡೆದದ್ದನ್ನೆಲ್ಲ ಹೇಳಿದ. ಅವಳು ಆ ಗೊಂಡೆಯನ್ನು ಚನ್ನವ್ವನ ಕಂಬಳಿಯೊಳಗೆ ಸುತ್ತಿಟ್ಟಳು. ಎಲ್ಲಿ ಬಾಯಿ ತಪ್ಪಿ ಖರೇ ಹೊರಬೀಳುತ್ತದೋ ಎಂದು ಹಾಡಿಕೆ ಮುಗಿದ ಮೇಲೆ ಯಾರ ಜೊತೆಗೂ ಕೂಡದೆ ಅವನು ಮನೆಗೆ ಓಡಿ ಬರುತ್ತಿದ್ದ.

ಇಂದುಬಾಯಿಯನ್ನು ಸಂಖದಲ್ಲಿ ಬಾವಿ ಇದ್ದ ಒಂದು ಒಕ್ಕಲುಮನೆಗೆ ಕೊಟ್ಟರು. ಲಗಮಣ್ಣ ಮಗನಿಗೆ ಬೇರೆ ಕಡೆಯ ಹೆಣ್ಣು ತಂದ.

ಎಪ್ಪತ್ತೊಂದರ ಸುಗ್ಗಿಯ ನಂತರ ಶಿದ್ರಾಯ ಮಗಳ ಮನೆಯಲ್ಲಿದ್ದ. ಗೊಬ್ಬರಕ್ಕೆಂದು ಅವರ ಹೊಲದಲ್ಲಿ ಕುರಿ ತರುಬಿಸಿದ್ದರು. ಕುರಿಯ ಯಜಮಾನ ಮಧ್ಯಾಹ್ನ ಊಟಕ್ಕೆಂದು ಅಂಗಳಕ್ಕೆ ಬಂದ. ಲಗಮಣ್ಣ. ತಲೆ ಪೂರಾ ಬೆಳ್ಳಗಾಗಿತ್ತು.

ಇಂದುಬಾಯಿ ಗುರುತು ಹಿಡಿದು ಖುಷಿಯಾದಳು. ಕಂಕುಳಲ್ಲಿದ್ದ ಮಗಳಿಗೆ ತೋರಿಸಿ, "ನೋಡವಾ, ಈ ಮುತ್ಯಾ ಭಾಳ ದೊಡ್ಡ ಕವಿ. ಇವರನ್ನ ನಿಮ್ಮಜ್ಜ ಸೋಲಿಸಿದ್ದ!" ಎಂದಳು.

ಶಿದ್ರಾಯ ಕಟ್ಟೆಯಿಂದ ಅರ್ಧ ಎದ್ದವನು ಹಾಗೇ ನಿಂತ.

"ಹೌದವಾ" ಎಂದು ಲಗಮಣ್ಣ ಕೂಸಿನ ಗಲ್ಲ ಮುಟ್ಟಿ ನಕ್ಕ. "ಭಾಳ ಚಲೋ ಸೋಲಿಸಿದ."

ಇಂದುಬಾಯಿ ಕೂಸನ್ನು ಇಳಿಸಿ ನೀರಿನ ತಂಬಿಗೆಗೆ ಕೈ ಹಾಕಿದಳು. ಶಿದ್ರಾಯ ಬಂದು ಅದನ್ನು ಇಸಿದುಕೊಂಡ.

"ಬಿಡಪ್ಪಾ, ನಾ ಹಾಕತೇನಿ. ಅವರೇನ ನಿನ್ನ ಬೀಗರೇನು?" ಎಂದು ಅವಳು ನಕ್ಕಳು.

"ಇರ್ಲಿ ಬಿಡವಾ" ಎಂದ ಶಿದ್ರಾಯ. ಅವನು ಬಗ್ಗಿ, ಲಗಮಣ್ಣನ ಧೂಳು ತುಂಬಿದ ಎರಡೂ ಕಾಲಿಗೆ ನಿಧಾನವಾಗಿ ನೀರು ಹಾಕಿದ.